ಸುಳ್ಳು ಹೇಳದ ಕಾಚು

ಅಯ್ಯನವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಕಳಿಸಿದವನು ನಾನೇ. ಸಂಜೆ ಡೆಸ್ಕಿನಿಂದ ಫೋನ್ ಬಂತು. "ಇವರು ಏನಾಗಿದ್ದರು ಸರ್?" ಎಂದು ಉಪಸಂಪಾದಕ ಕೇಳಿದ. ನಿಧನ ವಾರ್ತೆಯಲ್ಲಿ ಹೆಸರಿನ ಹಿಂದೆ ಏನಾದರೊಂದು ಇರಬೇಕು: ನಿವೃತ್ತ ಶಿಕ್ಷಕ, ಮಾಜಿ ಸರಪಂಚ, ಹಿರಿಯ ವ್ಯಾಪಾರಿ. ನಾನು ಸ್ವಲ್ಪ ಯೋಚಿಸಿ "ಪುರೋಹಿತರು ಅಂತ ಹಾಕಿ" ಎಂದೆ. ಮಾಹಿತಿ ತಪ್ಪಲ್ಲ. ಅವರು ಜಂಗಮರು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಉಮರ್ಗಾದ ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ನಡೆದುಕೊಳ್ಳುವ ಮನೆಗಳಿದ್ದವು. ಕೂಸಿಗೆ ಹೆಸರಿಡುವುದರಿಂದ ಹಿಡಿದು ಹಿರಿಯರನ್ನು ಮಣ್ಣು ಮಾಡುವವರೆಗೆ ಎಲ್ಲ ಕಾರ್ಯಕ್ಕೂ ಅವರೇ ಹೋಗುತ್ತಿದ್ದರು. ಆದರೆ ಸುದ್ದಿ ಅಚ್ಚಾದ ದಿನ ಗುಂಜೋಟಿಯ ರೈತರೊಬ್ಬರು ಪೇಪರ್ ಹಿಡಿದುಕೊಂಡೇ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಪುರೋಹಿತರು ಅಂತ ಬರದೀರಿ. ಪೂಜಾ ಯಾರರ ಮಾಡ್ತಾರ್ರಿ. ಅಯ್ನೋರು ನೋಡಿ ಹೇಳಾವ್ರು ಇದ್ರು. ಅದನ್ನ ಬರೀಲಿಲ್ಲ ನೀವು."

ಅವರ ತಕರಾರು ನ್ಯಾಯವಾದದ್ದು. ಆದರೆ 'ನೋಡಿ ಹೇಳುವವರು' ಎಂದು ಬರೆದು ಕಳಿಸಿದ್ದರೆ ಡೆಸ್ಕಿನವರು ಅದನ್ನು 'ಖ್ಯಾತ ಜ್ಯೋತಿಷಿ' ಎಂದು ತಿದ್ದುತ್ತಿದ್ದರು. ಅಯ್ಯನವರು ಭವಿಷ್ಯ ಹೇಳುತ್ತಿರಲಿಲ್ಲ. ಕಣ್ಣ ಮುಂದೆ ಇದ್ದದ್ದನ್ನು ನೋಡಿ ಹೇಳುತ್ತಿದ್ದರು. ಯಾರು ಎತ್ತು ಕೊಳ್ಳಲು ಹೊರಟರೂ ಅಯ್ಯನವರನ್ನು ದೇವಣಿಯ ದನದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಎತ್ತು ಮುಗಿದ ಮೇಲೆ ಗಾಡಿ, ಕೊಡ, ಬಾಗಿಲು, ಅಳಿಯ, ಎಲ್ಲವನ್ನೂ ಅವರೇ ನೋಡಿ ಹೇಳಬೇಕು. ಮಾರುವವರು ಕೋಡಿಗೆ ಎಣ್ಣೆ ಹಚ್ಚಿದ್ದಾರೆಯೇ, ಬಿಳಿಯ ಮೈಯ ಮೇಲಿನ ಕರಿ ಮಚ್ಚೆ ಹುಟ್ಟಿನದೋ ಮಸಿಯದೋ, ಇದು ಅವರಿಗೆ ಎದುರಿಗೆ ನಿಂತ ತಕ್ಷಣ ಗೊತ್ತಾಗುತ್ತಿತ್ತು. ಸಂಶಯ ಬಂದರೆ ಬೆರಳಿಗೆ ಉಗುಳು ಹಚ್ಚಿ ಮಚ್ಚೆಯನ್ನು ತಿಕ್ಕಿ ನೋಡುತ್ತಿದ್ದರು. ಒಮ್ಮೆ ಇದೇ ಪರೀಕ್ಷೆಯನ್ನು ವರನೊಬ್ಬನ ಮೀಸೆಯ ಮೇಲೆ ಮಾಡಲು ಹೋದಾಗ ಎರಡೂ ಕಡೆಯವರು ಸೇರಿ ತಡೆದರು ಎಂದು ಕೇಳಿದ್ದೇನೆ. ಆ ಘಟನೆಗೆ ನಾನು ಸಾಕ್ಷಿಯಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬರುವುದು ಅವರಿಗೆ ಸೇರುತ್ತಿರಲಿಲ್ಲ. "ಹೆಸರು ಬರೂದು ಎರಡ ಸಲ. ಪೋಲೀಸರು ಒಯ್ದಾಗ, ಇಲ್ಲಾ ನಾಲ್ಕು ಮಂದಿ ಹೊತ್ತು ಒಯ್ದಾಗ. ಎರಡಕ್ಕೂ ನನಗ ಗಡಿಬಿಡಿ ಇಲ್ಲ" ಎನ್ನುತ್ತಿದ್ದರು.

ನಮ್ಮದು ಒಂದೇ ಓಣಿ. ಉದ್ದ ಆಳು, ಒಣಗಿದ ಮೈ, ಕಾವಿ ಶಲ್ಯ, ಹಣೆಗೆ ಮೂರು ಬೆರಳಿನ ವಿಭೂತಿ. ವಿಭೂತಿ ಹಚ್ಚಲು ಅವರಿಗೆ ಕನ್ನಡಿ ಬೇಕಿರಲಿಲ್ಲ, ಬೆರಳಿಗೆ ಹಣೆ ಗೊತ್ತಿತ್ತು. ದಿನಾ ಮುಂಜಾನೆ ನನ್ನ ಕಟ್ಟೆಗೆ ಬಂದು ಕೂತು "ಪೇಪರ್ನವರ, ಇವತ್ತ ಏನು ತಪ್ಪು ಮಾಡೀರಿ?" ಎಂದು ಕೇಳುತ್ತಿದ್ದರು. ಇದು ಕುಹಕವಲ್ಲ. ಅವರು ಪತ್ರಿಕೆಯಲ್ಲಿ ಮೊದಲು ಓದುತ್ತಿದ್ದದ್ದು ತಿದ್ದುಪಡಿ ಅಂಕಣವನ್ನು. 'ನಿನ್ನೆಯ ಸಂಚಿಕೆಯಲ್ಲಿ ಛಾಯಾಚಿತ್ರ ಅದಲು ಬದಲಾಗಿದೆ, ವಿಷಾದಿಸುತ್ತೇವೆ' ಎಂಬಂಥದ್ದು. ಅದನ್ನು ಎರಡು ಸಲ ಓದಿ, "ಇಷ್ಟ ಖರೆ ಅದ. ಉಳದದ್ದು ನಾಳಿ ತಿಳೀತದ" ಎಂದು ಪೇಪರ್ ಮಡಚಿ ಕೊಡುತ್ತಿದ್ದರು. ತಿದ್ದುಪಡಿ ಇಲ್ಲದ ದಿನ ಅವರಿಗೆ ಪತ್ರಿಕೆಯ ಮೇಲೆ ಅನುಮಾನ.

ಅಂಗಿಯ ಎದೆಯ ಜೇಬಿನಲ್ಲಿ ವಿಭೂತಿ ಗಟ್ಟಿಯ ಜೊತೆ ಒಂದು ಸ್ಮಾರ್ಟ್‌ಫೋನ್ ಇರುತ್ತಿತ್ತು. ನಡೆದುಕೊಳ್ಳುವ ಮನೆಗಳ ಎಷ್ಟೋ ಮಂದಿ ಪುಣೆ, ಸೊಲ್ಲಾಪುರ ಸೇರಿದ್ದರಿಂದ ಗೃಹಪ್ರವೇಶದ ಮಂತ್ರವನ್ನೂ ಅವರು ವಿಡಿಯೋ ಕಾಲಿನಲ್ಲಿ ಹೇಳಬೇಕಾಗುತ್ತಿತ್ತು. ಆದರೆ ಫೋನ್ ಎಂದರೆ ಕಿವಿಗೆ ಹಿಡಿಯುವ ವಸ್ತು ಎಂಬ ನಂಬಿಕೆಯನ್ನು ಅವರು ಕಡೆಯವರೆಗೂ ಬಿಡಲಿಲ್ಲ. ಹೀಗಾಗಿ ಆ ಊರುಗಳ ಹೊಸ ಮನೆಗಳಲ್ಲಿ ಹೋಮದ ಮುಂದೆ ಇಟ್ಟ ಫೋನಿನಲ್ಲಿ ಪೂಜೆ ಮುಗಿಯುವ ತನಕ ಅಯ್ಯನವರ ಬಲಗಿವಿ ಮಾತ್ರ ಕಾಣುತ್ತಿತ್ತು. ಪುಣೆಯ ಒಬ್ಬ ಹೆಣ್ಣುಮಗಳು ಆ ಕಿವಿಗೇ ಹೂ ಏರಿಸಿ, ಆರತಿ ಬೆಳಗಿ ನಮಸ್ಕಾರ ಮಾಡಿದ್ದಳಂತೆ.

ಆ ಫೋನ್ ಒಡೆದದ್ದು ದೇವಣಿಯ ಸಂತೆಯಲ್ಲಿ. ಗುಂಜೋಟಿಯ ಇದೇ ರೈತರಿಗೆ ಎತ್ತು ನೋಡಲು ಹೋಗಿದ್ದರು. ಎತ್ತಿನ ಗೊರಸು ಪರೀಕ್ಷಿಸಲು ಬಗ್ಗಿದಾಗ ಜೇಬಿನಿಂದ ಫೋನ್ ಜಾರಿ ಬಿತ್ತು. ಎತ್ತು ಅದರ ಮೇಲೆ ಕಾಲಿಟ್ಟಿತು, ತೆಗೆಯಲಿಲ್ಲ. ಎಲ್ಲರೂ ಹೋ ಎಂದು ಕೂಗಿದರು. ಅಯ್ಯನವರು ಫೋನನ್ನು ನೋಡಲೇ ಇಲ್ಲ, ಕಾಲನ್ನು ನೋಡುತ್ತಿದ್ದರು.

"ಹೆಜ್ಜಿ ನೋಡ್ರಿ ಹೆಂಗ ಊರ್ಯಾದ! ಜರಾ ಅಲುಗಾಡವಲ್ದು. ಇದನ್ನ ಬಿಡಬ್ಯಾಡ್ರಿ, ತಗೋರಿ."

ರೈತರು ಅದನ್ನೇ ಕೊಂಡರು. ಎತ್ತು ಈಗಲೂ ಗುಂಜೋಟಿಯಲ್ಲಿದೆ, ನಡಿಗೆ ಚೆನ್ನಾಗಿದೆ.

ಫೋನಿನ ಸ್ಥಿತಿ ಹೀಗಿತ್ತು: ಪರದೆಯ ಮೇಲೆ ಗೊರಸಿನ ಆಕಾರದಲ್ಲಿ ಬಿರುಕು, ಒಂದು ಕಡೆ ಹಸಿರು ಗೆರೆ, ಮುಟ್ಟಿದ ಕಡೆ ಏನೂ ಆಗುವುದಿಲ್ಲ, ಮುಟ್ಟದ ಕಡೆ ತಾನೇ ಏನೋ ಆಗುತ್ತದೆ. ಜೇಬಿನಲ್ಲಿ ಕೂತಲ್ಲಿಂದಲೇ ಅದು ಜನರಿಗೆ ಫೋನ್ ಹಚ್ಚತೊಡಗಿತು. ಅಯ್ಯನವರಿಂದ ಫೋನ್ ಬಂತೆಂದರೆ ಹಳ್ಳಿಯ ಮನೆಗಳಲ್ಲಿ ಏನೋ ಕಾರ್ಯವಿದೆ ಎಂದೇ ಅರ್ಥ. ಒಂದೇ ದಿನ ಎರಡು ಮನೆಯವರು ಅಕ್ಕಿ, ಬೇಳೆ, ತೆಂಗಿನಕಾಯಿ ತೆಗೆದುಕೊಂಡು ಬಂದರು. ಬಂದದ್ದನ್ನು ತಿರುಗಿ ಕಳಿಸುವುದು ಮರ್ಯಾದೆಯಲ್ಲ ಎಂದು ಅಯ್ಯನವರು ಆಶೀರ್ವಾದ ಮಾಡಿ ಇಟ್ಟುಕೊಂಡರು. ಮೂರನೆಯವರು ಬಂದಾಗ ಮಾತ್ರ, "ಇದು ಬದಲಿ ಮಾಡಸಬೇಕ್ರಿ ಪೇಪರ್ನವರ. ಇದಕ್ಕ ಆಶಾ ಹತ್ಯಾದ" ಎಂದರು.

ಪರದೆ ಬದಲಿಸಲು ಅವಸರವಿತ್ತು. ಆ ಶುಕ್ರವಾರ ಸಂಜೆ ಅದೇ ಫೋನಿಗೆ ಪುಣೆಯಿಂದ ಒಂದು ವಿಡಿಯೋ ಕಾಲ್ ಬರುವುದಿತ್ತು. ಮೊಮ್ಮಗಳಿಗೆ ವರ ನೋಡುವ ಕಾಲ್. ಹುಡುಗನ ತಂದೆತಾಯಿ ಉದಗೀರದವರು. ಹುಡುಗ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ರಜೆ ಸಿಗದ ಕಾರಣ ತಂದೆತಾಯಿ ಅವನ ಕಡೆಗೇ ಹೋಗಿದ್ದರು. ಅಯ್ಯನವರ ಮಗ ಮತ್ತು ಸೊಸೆ ಹೊಲದ ಕೆಲಸದವರು, ಮಾತು ಕಡಿಮೆ. ಇಂಥ ವಿಷಯದಲ್ಲಿ ಆ ಮನೆಯಲ್ಲಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಅಯ್ಯನವರ ಕೆಲಸವಾಗಿತ್ತು.

ಅವರು ಅಷ್ಟರಲ್ಲಿ ಒಬ್ಬ ವರನಿಗೆ ಊಹೂಂ ಅಂದಾಗಿತ್ತು. ಆ ಹುಡುಗನ ಫೋಟೋದಲ್ಲಿ ಅವನ ಹಿಂದೆ ಒಂದು ದೊಡ್ಡ ಜಲಪಾತ ಧುಮುಕುತ್ತಿತ್ತು. ಅಯ್ಯನವರು ಅವರ ಮನೆಗೆ ಹೋಗಿ, ಚಹಾ ಕುಡಿದು, ಹಿತ್ತಲಿಗೂ ಹೋಗಿ ನೋಡಿ ಬಂದು, "ಧಬಧಬಿ ಎಲ್ಲದ?" ಎಂದು ಕೇಳಿದರು. ಅದು ಸ್ಟುಡಿಯೋದ ಪರದೆ ಎಂದು ಅವರು ನಕ್ಕರು. ಇವರು ನಗಲಿಲ್ಲ. "ಇಲ್ಲದ ನೀರು ತೋರಸಾವ್ರು ನಾಳಿ ಇಲ್ಲದ ನೌಕರಿ ತೋರಸ್ತಾರ" ಎಂದು ಎದ್ದು ಬಂದರು.

"ನನ್ನ ಫೋನಿನ್ಯಾಗ ನೋಡ್ರಿ ಮುತ್ಯಾ" ಎಂದು ಮೊಮ್ಮಗಳು ಹೇಳಿನೋಡಿದಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ.

"ನಿನ್ನ ಫೋನು ಬ್ಯಾಡ. ಅದರಾಗ ನಿನ್ನ ಗೆಳತ್ಯಾರ ಮಾರಿ ತೋರ್ಸಿದ್ದಿ. ಮುಂದ ಅವ್ರು ಮನಿಗಿ ಬಂದ್ರ ನನಗ ಒಬ್ಬಾಕಿದೂ ಗುರ್ತ ಸಿಗಲಿಲ್ಲ. ಆ ಕಾಚು ಸುಳ್ಳು ಹೇಳ್ತದ."

"ಅದು ಕಾಚು ಅಲ್ರಿ ಮುತ್ಯಾ, ಫಿಲ್ಟರು."

"ಏನರ ಇರವಲ್ದ್ಯಾಕ. ಸುಳ್ಳು ಸುಳ್ಳ."

ಕಾಚು ಎಂದರೆ ಗಾಜು. ಫೋನಿನ ಪರದೆಗೂ ಅವರು ಅದನ್ನೇ ಅನ್ನುತ್ತಿದ್ದರು. ನನ್ನ ಕಡೆ ತಿರುಗಿ, "ಎರಡು ದಿನದಾಗ ಖರೆ ತೋರ್ಸೂ ಕಾಚು ಹುಡುಕಬೇಕು. ನೀವು ಸಂಗಡ ಬರ್ರಿ" ಎಂದರು.

ನಾನು ಅವರ ಅಂಗಳ ದಾಟುವಷ್ಟರಲ್ಲಿ ಮೊಮ್ಮಗಳು ಹಿಂದೆಯೇ ಬಂದಳು. ದನಿ ತಗ್ಗಿಸಿ ಕೇಳಿದಳು.

"ಕಾಕಾ, ಜರಾ ಮಬ್ಬ ಮಬ್ಬ ಕಾಣುವಂಥಾ ಡಿಸ್ಪ್ಲೇ ಸಿಗ್ತದೇನ್ರಿ?"

"ಯಾಕವಾ?"

"ಆ ಹುಡುಗನ್ನ ನಾ ಉದಗೀರದಾಗ ಗೆಳತಿ ಲಗ್ನದಾಗ ನೋಡೀನ್ರಿ. ಭಾಳ ಛಲೋ ಅದಾನ. ಬಡಸೂ ಮಂದಿಗಿ ಕರದು ಕರದು ಉಣ್ಣಾಕ ಕುಂದರಿಸಿದ. ನನಗ ಮನಸಿಗಿ ಬಂದಾನ. ಆದ್ರ ತಲಿ ಮ್ಯಾಲ ಕೂದಲ ಇಲ್ರಿ. ಮುತ್ಯಾಗ ಕೊಟ್ಟ ಫೋಟೋದಾಗ ಯಾರೋ ಹಚ್ಚ್ಯಾರ. ಬೋಳ ತಲಿ ಇದ್ರ ಮುತ್ಯಾ ಏನೂ ಅನ್ನಂಗಿಲ್ಲ. ಫೋಟೋದಾಗ ಇದ್ದದ್ದು ಇಲ್ಲಂದ್ರ ಮುಗೀತು. ಧಬಧಬಿ ಗತಿ ಆಗ್ತದ."

ಹೀಗೆ ಒಂದೇ ಮನೆಯಿಂದ ನನಗೆ ಎರಡು ಕೋರಿಕೆ ಬಂದವು. ಒಬ್ಬರಿಗೆ ಎಲ್ಲ ತೋರಿಸುವ ಪರದೆ, ಇನ್ನೊಬ್ಬಳಿಗೆ ಏನೂ ತೋರಿಸದ ಪರದೆ. ಎರಡೂ ಪಕ್ಷದ ಮಾತು ಕೇಳಿಕೊಳ್ಳುವುದು, ಯಾವ ಪಕ್ಷಕ್ಕೂ ಮಾತು ಕೊಡದಿರುವುದು ನನ್ನ ಕೆಲಸದ ಅಭ್ಯಾಸ. ಅದನ್ನೇ ಪಾಲಿಸಿದೆ.

ಮೊದಲು ಉಮರ್ಗಾದಲ್ಲೇ, ಹೆದ್ದಾರಿಯ ಬದಿಯ ಅಂಗಡಿಗೆ ಹೋದೆವು. ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ, "ಯಾವುದು ಹಾಕಲ್ರಿ ಅಯ್ನೋರ? ಕಂಪನೀದು, ಫಸ್ಟ್ ಕಾಪಿ, ಸಾದಾ, ಮೂರು ನಮೂನಿ ಬರ್ತಾವ" ಎಂದ.

"ಮೂರೂ ಹಾಕಿ ತೋರ್ಸು. ನೋಡಿ ಹೇಳ್ತೀನಿ."

"ಮೈಮ್ಯಾಲ ಹಾಕಿ ತೋರಸಾಕ ಇದು ಸೀರಿ ಅಂಗಡಿ ಅಲ್ರಿ."

"ಎತ್ತು ಕೊಡಾಂವ ನೊಗಕ್ಕ ಹೂಡಿ ತೋರ್ಸತಾನ. ನಿಂದೇನು ಎತ್ತಿಗಿಂತ ದೊಡ್ಡದಾ?"

ಅಂಗಡಿಯವನ ಹತ್ತಿರ ಆ ಫೋನಿಗೆ ಇದ್ದದ್ದು ಸಾದಾ ಒಂದೇ. ಹಳೆಯ ಪರದೆ ಕಿತ್ತು, ಹೊಸದನ್ನು ಅಂಟಿಸದೆ ಬರೀ ಅದರ ತಂತಿಯ ಪಟ್ಟಿ ಸಿಕ್ಕಿಸಿ ಹೊತ್ತಿಸಿದ. ಅಯ್ಯನವರು ತಮ್ಮ ಆಕಳಿನ ಫೋಟೋ ತೆರೆಯಲು ಹೇಳಿದರು. ಅದು ದೇವಣಿ ತಳಿಯ ಆಕಳು: ಬಿಳಿಯ ಮೈ, ಅಲ್ಲಲ್ಲಿ ಕರಿ ಮಚ್ಚೆ. ಮೊಮ್ಮಗಳು ತೆಗೆದ ಫೋಟೋ. ದಿನಾ ಎರಡು ಹೊತ್ತು ಕಣ್ಣಾರೆ ಕಾಣುವ ಪ್ರಾಣಿಯಾದ್ದರಿಂದ ಪರದೆ ಹೇಳುವುದು ಖರೆಯೋ ಸುಳ್ಳೋ ಎಂದು ತಿಳಿಯಲು ಇದೇ ಸರಿ ಎಂಬುದು ಅವರ ಲೆಕ್ಕ. ಪರದೆಯ ಮೇಲೆ ಆಕಳು ಮೂಡಿತು. ಅಯ್ಯನವರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಹೆದ್ದಾರಿಯ ಬೆಳಕಿಗೆ ಒಯ್ದರು. ಪಟ್ಟಿಯಿಂದ ಜೋತುಬಿದ್ದ ಪರದೆಯನ್ನು ಹಿಡಿದು ಅಂಗಡಿಯವನೂ ಅವರ ಹಿಂದೆ ರಸ್ತೆಗೆ ಬಂದ.

"ನಮ್ಮ ಆಕಳ ಮೊಸರಿನಂಗ ಬೆಳ್ಳಗ ಅದ. ಇದು ನೀಲಿ ಹಾಕಿ ತೊಳದ ಧೋತರ ಆಗ್ಯಾದ."

"ಸಾದಾದಾಗ ಜರಾ ನೀಲಿ ಹೊಡೀತದ್ರಿ. ನಾಕು ದಿನ ಆದ್ರ ಕಣ್ಣಿಗಿ ಹೊಂದ್ತದ."

"ಅಂದ್ರ ಸುಳ್ಳಿಗಿ ಕಣ್ಣು ಹೊಂದಸಬೇಕಾತು. ಬ್ಯಾಡ, ತಗಿ."

ಗುರುವಾರ ಮುಂಜಾನೆ ಎಸ್‌ಟಿ ಬಸ್ ಹಿಡಿದು ನಿಲಂಗಾಕ್ಕೆ ಹೊರಟೆವು. ದಾರಿಯಲ್ಲಿ ಏರಿದವರಲ್ಲಿ ಅರ್ಧ ಮಂದಿ ಅಯ್ಯನವರ ಪರಿಚಯದವರು. "ಎಲ್ಲಿಗಿ ಹೊಂಟೀರಿ ಅಯ್ನೋರ?" ಎಂದರೆ "ಕಾಚು ನೋಡಾಕ" ಎನ್ನುತ್ತಿದ್ದರು. ಹೆಣ್ಣು ನೋಡಲು, ಎತ್ತು ನೋಡಲು ಹೋಗುವವರನ್ನು ಕಂಡಿದ್ದ ಜನ ಇದಕ್ಕೆ ಏನು ಹೇಳಬೇಕೆಂದು ತಿಳಿಯದೆ "ಛಲೋ ಆಗಲಿ" ಎಂದರು.

ನಿಲಂಗಾದ ಅಂಗಡಿ ದೊಡ್ಡದು. ಗೋಡೆ ತುಂಬ ದೀಪ. ಅಂಗಡಿಯವನು ಮರಾಠಿಯವನು. ಅವನು ಹಚ್ಚಿ ತೋರಿಸಿದ ಪರದೆಯಲ್ಲಿ ಆಕಳು ಈಗಷ್ಟೇ ಮಿಂದು ಬಂದಂತೆ ಹೊಳೆಯುತ್ತಿತ್ತು. ಅದರ ಕಾಲಡಿಯ ಹುಲ್ಲು ಎಷ್ಟು ಹಸಿರಾಗಿತ್ತೆಂದರೆ ನಾನೇ ಒಂದು ಕ್ಷಣ ಮರುಳಾದೆ.

"ಕಾಕಾ, ಕಲರ್ ಬಘಾ ನಾ!" ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ. ಬಣ್ಣ ನೋಡಿ ಅಂದರೆ.

ಅಯ್ಯನವರು ಅವನಿಗೆ ಮರಾಠಿಯಲ್ಲಿ ಚೆನ್ನಾಗಿದೆ ಎಂದು ತಲೆಯಾಡಿಸಿ, ನನಗೆ ಕನ್ನಡದಲ್ಲಿ ಹೇಳಿದರು: "ಪೇಪರ್ನವರ, ನಮ್ಮ ಹೊಲದಾಗ ಇಂಥಾ ಹುಲ್ಲು ಬೆಳದಿದ್ರ ದನಕ್ಕ್ಯಾಕ ಹಾಕ್ತಿದ್ದೆ, ನಾನ ತಿಂತಿದ್ದೆ."

"ಒರಿಜಿನಲ್‌ಗಿಂತ ಛಲೋ ಕಾಣ್ತದ್ರಿ ಅಯ್ನೋರ" ಎಂದೆ ನಾನು.

"ಅದ ಅದರ ಐಬು."

ಅಂಗಡಿಯವನಿಗೆ ಕನ್ನಡ ಬರುತ್ತಿತ್ತು. ಗಡಿಯ ಊರುಗಳಲ್ಲಿ ಇದೊಂದು ತೊಂದರೆ. ಅವನು ಮುಖ ಗಂಟಿಕ್ಕಿಕೊಂಡು ಪರದೆಯನ್ನು ಕಿತ್ತುಕೊಂಡ. ನಾವು ಉದಗೀರದ ಬಸ್ ಹತ್ತಿದೆವು.

ಹೊತ್ತು ಏರುತ್ತಿತ್ತು, ನಾಳೆ ಕಾಲ್. ಫೋನನ್ನು ಕಿತ್ತು ಜೋಡಿಸಿ ಎರಡು ಅಂಗಡಿಯವರು ಸುಸ್ತು ಮಾಡಿದ್ದರು. ನಾನು ಸ್ವಲ್ಪ ಗಾಬರಿಯಿಂದಲೇ, "ಅಯ್ನೋರ, ಯಾವುದರ ಒಂದು ಹಾಕಿಸಿಬಿಡ್ರಿ. ಹುಡುಗ ಕಂಡ್ರ ಸಾಕಲ್ಲ" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಪೇಪರ್ನವರ, ಎತ್ತು ತಪ್ಪಿದ್ರ ಮುಂದಿನ ಸಂತ್ಯಾಗ ಮಾರಬಹುದು. ಈ ಕೂಸಿಂದು ಹಂಗಲ್ಲ" ಎಂದರು. ದೇವಣಿಯಲ್ಲಿ ಬಸ್ ನಿಂತಾಗ ಕೆಳಗಿಳಿದು, ನಿಲ್ದಾಣದ ಹೊರಗೆ ಕಟ್ಟಿದ್ದ ಯಾರದೋ ಹೋರಿಯನ್ನು ನೋಡಿ ಬಂದು ಸಮಾಧಾನಗೊಂಡರು.

ಉದಗೀರದ ಅಂಗಡಿ ಮೈ ತಿರುಗಿಸಲು ಆಗದಷ್ಟು ಸಣ್ಣದು. ಅಂಗಡಿಯವನು ಅಯ್ಯನವರನ್ನು ನೋಡಿದವನೇ ಎದ್ದು ನಿಂತ. ಅವನ ತಂದೆ ದೇವಣಿ ಸಂತೆಯಲ್ಲಿ ದನದ ದಲಾಲಿಯಾಗಿದ್ದವರು.

"ಕುಂದರ್ರಿ ಅಯ್ನೋರ. ನೀವು ಸಂತಿಗಿ ಬಂದೀರಂದ್ರ ನಮ್ಮಪ್ಪ ಎಣ್ಣಿ ಡಬ್ಬಿ ಮುಚ್ಚಿ ಇಡ್ತಿದ್ದ."

"ಎಲ್ಲಿ ಇಡ್ತಾನ ಅಂತನೂ ನನಗ ಗೊತ್ತಿತ್ತು" ಎಂದರು ಅಯ್ಯನವರು. ವ್ಯವಹಾರ ಸರಿಯಾಗಿ ಶುರುವಾಯಿತು.

ಅವನು ಒಂದು ಹಳೆಯ ಡಬ್ಬಿಯ ತಳದಿಂದ ಪರದೆಯೊಂದನ್ನು ತೆಗೆದ. ಅದೇ ಮಾದರಿಯ ಕೆಟ್ಟ ಫೋನೊಂದರಿಂದ ಬಿಚ್ಚಿದ್ದು, ಕಂಪನಿಯದೇ, ಅಂಚಿನಲ್ಲಿ ಒಂದು ಗೀರು. "ಗೀರು ಅದರಿ, ಮೊದಲ ಹೇಳ್ತೀನಿ" ಎಂದ. ಅಯ್ಯನವರ ಮುಖ ಅರಳಿತು. ಪಟ್ಟಿ ಸಿಕ್ಕಿಸಿದ ಮೇಲೆ ಆಕಳು ಮೂಡಿತು. ಬಿಳಿ ಬಿಳಿಯಾಗಿಯೇ ಇತ್ತು, ಹುಲ್ಲು ಒಣಗಿತ್ತು, ಕಿವಿಯ ಬುಡದಲ್ಲಿ ಒಂದು ಉಣ್ಣೆಹುಳ ಕೂಡ ಕಾಣುತ್ತಿತ್ತು. ಹಿಂದಿನ ಎರಡೂ ಪರದೆಗಳಲ್ಲಿ ಅದು ಇರಲಿಲ್ಲ.

"ಇದನ್ನ ಯಾರೂ ನನಗ ಹೇಳಿಲ್ಲಲ್ಲ!" ಎಂದು ಅಯ್ಯನವರು ಅಲ್ಲಿಂದಲೇ ನನ್ನ ಫೋನಿನಿಂದ ಮನೆಗೆ ಹಚ್ಚಿಸಿ, ಆಕಳಿನ ಎಡಗಿವಿ ನೋಡಲು ಸೊಸೆಗೆ ಹೇಳಿದರು. ಹುಳ ಸಿಕ್ಕಿತು. ಪರದೆ ಪಾಸಾಯಿತು.

ಇನ್ನು ಬೆಲೆ. ದೇವಣಿ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಅಯ್ಯನವರು ಶಲ್ಯದ ಚುಂಗನ್ನು ಗಾಜಿನ ಕೌಂಟರಿನ ಮೇಲೆ ಹರಡಿ ಅದರ ಕೆಳಗೆ ಕೈ ಇಟ್ಟರು. ಅಂಗಡಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟು ತನ್ನ ಕೈಯನ್ನೂ ಒಳಗೆ ತೂರಿಸಿದ. ಚಾರ್ಜರ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಬಾಯಿ ತೆರೆದು ನಿಂತಳು. ಶಲ್ಯದ ಕೆಳಗೆ ಏನೇನೋ ನಡೆಯಿತು. ಅಂಗಡಿಯವನು ಒಮ್ಮೆ "ಅಯ್ಯೋ, ಸಾಯ್ತೀನ್ರಿ" ಎಂದ. ಅಯ್ಯನವರು ಒಮ್ಮೆ ಕೈ ಎಳೆದುಕೊಂಡು ಹೊರಡುವವರಂತೆ ಮಾಡಿ, ಮತ್ತೆ ಕೂತರು. ಕಡೆಗೆ ಇಬ್ಬರೂ ನಕ್ಕರು. ಎಷ್ಟಕ್ಕೆ ಮುಗಿಯಿತು ಎಂಬುದನ್ನು ನಾನು ಇಬ್ಬರಲ್ಲೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಹೇಳಲಿಲ್ಲ. ಆ ಪ್ರಯಾಣದಲ್ಲಿ ನನಗೆ ಖಚಿತಪಡಿಸಿಕೊಳ್ಳಲಾಗದ ಸಂಗತಿ ಅದೊಂದೇ.

ಪರದೆ ಅಂಟಿಸಿದ ಮೇಲೆ ಅಂಗಡಿಯವನು ಅದರ ಮೇಲೆ ಹಾಕಲು ಇನ್ನೊಂದು ತೆಳು ಗಾಜನ್ನು ಪುಕ್ಕಟೆ ಕೊಡಲು ಬಂದ. ಅಯ್ಯನವರು ಒಪ್ಪಲಿಲ್ಲ. "ಕಾಚಿನ ಮ್ಯಾಲ ಕಾಚು ಯಾಕೋ. ನಡುವ ಏನು ಸೇರಸ್ತಿ ಯಾರಿಗೊತ್ತು" ಎಂದರು.

ಉಮರ್ಗಾ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೊಸ ದನ ಮನೆಗೆ ಬಂದರೆ ಹೊಸ್ತಿಲಲ್ಲಿ ನಿಲ್ಲಿಸಿ, ನೀರು ಹಾಕಿ, ಹಣೆಗೆ ಹಚ್ಚಿ ಒಳಗೆ ಕರೆದುಕೊಳ್ಳುವುದು ಆ ಮನೆಯ ಪದ್ಧತಿ. ಮೊಮ್ಮಗಳು ತಂಬಿಗೆ ತಂದಳು. ಅಯ್ಯನವರು ಫೋನಿನ ಸುತ್ತ ನೀರು ನಿವಾಳಿಸಿ, ಒದ್ದೆ ಬೆರಳಿಗೆ ಗಟ್ಟಿಯಿಂದ ವಿಭೂತಿ ತೆಗೆದು, ಪರದೆಗೆ ಅಡ್ಡ ಮೂರು ಗೆರೆ ಎಳೆದರು. ಫೋನಿನ ಹಣೆ ಯಾವ ಕಡೆ ಎಂಬ ಬಗ್ಗೆ ಅವರಿಗೆ ಖಾತ್ರಿ ಇರಲಿಲ್ಲ. ಆದ್ದರಿಂದ ಮೇಲೂ ಕೆಳಗೂ ಎಳೆದರು, ಅಡಿಯ ಅಂಚಿಗೂ ಹಚ್ಚಿದರು. ಅಡಿಯ ಅಂಚಿನಲ್ಲಿ ಸ್ಪೀಕರಿನ ತೂತುಗಳಿದ್ದವು.

"ಎಂಥಾದ್ದು ತಂದ್ರಿ ಕಾಕಾ?" ಎಂದು ಮೊಮ್ಮಗಳು ನನ್ನನ್ನು ಕೇಳಿದಳು.

"ಆಕಳ ಕಿವಿ ಬುಡದಾಗಿನ ಹುಳ ಕಾಣ್ತದವಾ" ಎಂದೆ.

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು.

ಶುಕ್ರವಾರ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಕಿವಿಗೆ ಹಿಡಿಯಬಾರದೆಂದು ಮೊಮ್ಮಗಳು ಫೋನನ್ನು ಅಜ್ಜನ ಕೈಗೆ ಕೊಡಲೇ ಇಲ್ಲ. ಹಿತ್ತಾಳೆ ತಂಬಿಗೆಗೆ ಆನಿಸಿ ಮಣೆಯ ಮೇಲೆ ಇಟ್ಟು, ತಾನು ಒಳಬಾಗಿಲ ಹತ್ತಿರ ಹೋಗಿ ನಿಂತಳು. ಅಯ್ಯನವರು ಎದುರಿಗೆ ಕೂತರು, ಒಂದು ಕೈಯಲ್ಲಿ ವರನ ಫೋಟೋ. ಅದರಲ್ಲಿ ಹುಡುಗನ ತಲೆಯ ಮೇಲೆ ದಟ್ಟವಾದ, ಒಂದು ಕಡೆಗೆ ಬಾಚಿದ ಕೂದಲಿತ್ತು. ಕಾಲ್ ಬಂತು. ಪರದೆಯಲ್ಲಿ ಹುಡುಗ, ಅವನ ಅಕ್ಕಪಕ್ಕ ತಂದೆತಾಯಿ. ತಂದೆಯ ತಲೆಯ ಮೇಲೆ ಬಿಳಿ ಟೊಪ್ಪಿಗೆ. ಹುಡುಗ ಕೈ ಜೋಡಿಸಿ ಬಾಯಿ ಆಡಿಸಿದ. ನೊಣದಷ್ಟು ಸಣ್ಣ ದನಿ ಬಂತು. ವಿಭೂತಿ ತನ್ನ ಕೆಲಸ ಮಾಡಿತ್ತು.

"ಜೋರ ಮಾತಾಡಪಾ!" ಎಂದರು ಅಯ್ಯನವರು.

"ಶರಣಾರ್ಥಿ ಅಯ್ನೋರ!" ಎಂದು ಹುಡುಗ ಕೂಗಿದ.

ಅಯ್ಯನವರು ಫೋಟೋವನ್ನು ಫೋನಿನ ಪಕ್ಕಕ್ಕೆ ಹಿಡಿದರು. ಇದನ್ನು ನೋಡಿದರು, ಅದನ್ನು ನೋಡಿದರು. ಹೊಸ ಪರದೆ ಏನನ್ನೂ ಮುಚ್ಚಿಡಲಿಲ್ಲ. ಪುಣೆಯ ಟ್ಯೂಬ್‌ಲೈಟ್ ಹುಡುಗನ ನೆತ್ತಿಯ ಮೇಲೆ ಬಿದ್ದು ಅಲ್ಲಿಂದ ನಮ್ಮ ಪಡಸಾಲೆಗೆ ಬರುತ್ತಿತ್ತು. ಒಳಬಾಗಿಲಲ್ಲಿ ಮೊಮ್ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

"ಫೋಟೋದಾಗ ಕೂದಲ ಇತ್ತು" ಎಂದರು ಅಯ್ಯನವರು.

"ಏನ್ರೀ?"

"ಕೂದಲ! ಕೂದಲ ಎಲ್ಲದ?"

ಆ ಕಡೆ ತಾಯಿ "ಏನಂತಾರ?" ಎಂದು ಕೇಳಿದ್ದು, ತಂದೆ ನೆಲ ನೋಡಿದ್ದು ಕಂಡಿತು. ಹುಡುಗ ಫೋನಿಗೆ ಬಾಯಿ ಹಚ್ಚಿ ಓಣಿಗೆಲ್ಲ ಕೇಳುವಂತೆ ಕೂಗಿದ.

"ಅದು ಸ್ಟುಡಿಯೋದವನದ್ರೀ ಅಯ್ನೋರ! ನಂದಲ್ಲ! ಬ್ಯಾಡ ಅಂದ್ರೂ ಪಪ್ಪಾ ಹಚ್ಚಸ್ಯಾರ! ನಾ ಹಿಂಗ ಅದೀನ್ರಿ, ಸರೀ ನೋಡ್ಕೋರಿ!" ಎಂದವನೇ ತಲೆ ಬಗ್ಗಿಸಿ ನೆತ್ತಿಯನ್ನು ಕ್ಯಾಮೆರಾದ ಮುಂದೆ ಹಿಡಿದ. ಪರದೆ ತುಂಬ ಬರೀ ನೆತ್ತಿ.

ಹೊರಗೆ ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಯ್ಯನವರು ಆ ನೆತ್ತಿಯನ್ನು ಬಹಳ ಹೊತ್ತು ನೋಡಿದರು.

"ಹಿರ‍್ಯಾರ, ನೀವ್ಯಾಕ ಹಚ್ಚಿಸಿದ್ರಿ?" ಎಂದು ತಂದೆಯನ್ನು ಕೇಳಿದರು.

ತಂದೆ ಮೆಲ್ಲಗೆ ತಮ್ಮ ಟೊಪ್ಪಿಗೆ ತೆಗೆದರು. ಅದೇ ನೆತ್ತಿ, ಇನ್ನಷ್ಟು ವಿಶಾಲ. "ನನಗೂ ಲಗ್ನದ ಫೋಟೋದಾಗ ಹಚ್ಚಿದ್ರು ಅಯ್ನೋರ. ನಡೀತು ಅಂತ ಮತ್ತ ಹಚ್ಚಿಸಿದೆ" ಎಂದರು. ಅವರ ಹೆಂಡತಿ ಗಂಡನ ಕಡೆ ನೋಡಿದ ನೋಟ ಹೊಸ ಪರದೆಯಲ್ಲಿ ಬಹಳ ಸ್ಪಷ್ಟವಾಗಿತ್ತು.

ಅಯ್ಯನವರ ಭುಜ ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಫೋಟೋವನ್ನು ಮಣೆಯ ಮೇಲೆ ಬೋರಲಾಗಿ ಇಟ್ಟು, "ಹುಡುಗ ಬೋಳ ತಲೀನ ಬೋಳ ಅಂದಾನ. ಇದಕ್ಕಿಂತ ಇನ್ನೇನು ನೋಡೂದದ" ಎಂದು ನಮಗೆ ಹೇಳಿದರು. ಆಮೇಲೆ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ಅದರ ಮೂಲೆಯಲ್ಲಿ ಏನನ್ನೋ ಗಮನಿಸಿ ಕಣ್ಣು ಕಿರಿದು ಮಾಡಿದರು.

"ಬೀಗ್ರ, ಈ ಮೂಲ್ಯಾಗ ಒಬ್ರು ಮುದುಕರು ಕುಂತಾರಲ್ಲ, ಅವರು ಯಾರ್ರಿ? ಆವಾಗಿಂದ ನೋಡಕತ್ತೀನಿ, ಒಂದು ಮಾತೂ ಆಡವಲ್ಲರು. ಗಲ್ಲ ಒಳಗ ಹೋಗ್ಯಾವ. ಆರಾಮಿಲ್ಲೇನು ಅವ್ರಿಗಿ?"

ಬೀಗರು ಎಂದದ್ದನ್ನು ಮೊದಲು ಕೇಳಿಸಿಕೊಂಡವಳು ಮೊಮ್ಮಗಳು. ಅವಳ ಕೈಯಿಂದ ಸೆರಗು ಜಾರಿತು. ಆ ಕಡೆಯ ಮೂವರೂ ತಮ್ಮ ಕೋಣೆಯ ಮೂಲೆಗಳನ್ನು ಹುಡುಕಿ, "ಇಲ್ಲಿ ಯಾರೂ ಇಲ್ರೀ!" ಎಂದು ಕೂಗಿದರು. ಅವಳು ಬಂದು ಅಜ್ಜನ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಮೂಲೆಯ ಆ ಸಣ್ಣ ಚೌಕದಲ್ಲಿ ಮುದುಕರ ಪಕ್ಕ ಅವಳೂ ಬಂದಳು.

"ಮುತ್ಯಾ, ಅದು ನೀವ ಅದೀರಿ."

ಅಯ್ಯನವರು ಕೈಯೆತ್ತಿ ಶಲ್ಯ ಸರಿ ಮಾಡಿಕೊಂಡರು. ಮೂಲೆಯಲ್ಲಿದ್ದವರೂ ಸರಿ ಮಾಡಿಕೊಂಡರು. ಅವರು ಆ ಮುಖವನ್ನು ನೋಡಿದ ರೀತಿಯನ್ನು ನಾನು ದೇವಣಿಯ ಸಂತೆಯಲ್ಲಿ ಎಷ್ಟೋ ಸಲ ಕಂಡಿದ್ದೆ: ಮೊದಲು ಕಣ್ಣು, ಆಮೇಲೆ ಕೊರಳು, ಆಮೇಲೆ ಹೆಗಲು, ಅವಸರವಿಲ್ಲದೆ, ದಾಕ್ಷಿಣ್ಯವಿಲ್ಲದೆ. ನೋಡಿ ಮುಗಿದ ಮೇಲೆ ತಲೆಯೆತ್ತಿದರು.

"ಬೀಗ್ರ, ಕಾರ್ಯ ಲಗೂ ಹಿಡೀರಿ" ಎಂದು ಗಟ್ಟಿಯಾಗಿ ಹೇಳಿದರು. "ಈ ಮುದುಕ ಭಾಳ ದಿನ ತಡಿಯಾಂವ ಅಲ್ಲ."

ಆ ಕಡೆಯವರು ಜೋರಾಗಿ ನಕ್ಕರು. ಮೊಮ್ಮಗಳು ಎದ್ದು ಒಳಗೆ ಹೋಗಿ, ಪಂಚಾಂಗ ತಂದು ಅಜ್ಜನ ಕೈಗೆ ಕೊಟ್ಟಳು.